ಅಡುಗೆಮನೆ ಗೋಡೆಯ ಇಪ್ಪತ್ತು ವಾರ

ಇಂಗ್ಲೆಂಡಿನ ನಡುಭಾಗದ ಒಂದು ಊರಿನಲ್ಲಿ ನನ್ನ ಅಣ್ಣನ ಮಗಳ ಮನೆಯಿದೆ. ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕದ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರು. ಪ್ರತಿ ಡಿಸೆಂಬರಿನಲ್ಲೂ ಆ ಕಡೆ ಹೊರಟವರು ಯಾರಾದರೂ ಸಿಕ್ಕರೆ ಸುರುಳಿ ಸುತ್ತಿ ನಾನೇ ಕಳಿಸುವುದು. ಏಕಾದಶಿ ಯಾವತ್ತು, ಸಂಕಷ್ಟಿ ಯಾವತ್ತು ಅಂತ ಅವಳು ಫೋನು ಮಾಡಿ ಕೇಳುವುದು ತಪ್ಪಲಿ ಅಂತ. 2024ರ ಜುಲೈನಲ್ಲಿ ನಾವು ಗಂಡ ಹೆಂಡತಿ ಅಲ್ಲಿಗೆ ಹೋದಾಗ ಆ ಕ್ಯಾಲೆಂಡರಿನ ಸೋಮವಾರಗಳಿಗೆಲ್ಲ ಕೆಂಪು ಇಂಕಿನ ಸುತ್ತು ಬಿದ್ದಿತ್ತು. ಮಾರ್ಚ್ 4ರ ಪಕ್ಕ ಸೊನ್ನೆ. ಮಾರ್ಚ್ 11ಕ್ಕೆ ಒಂದು, 18ಕ್ಕೆ ಎರಡು, ಹೀಗೇ ಪುಟ ಮಗುಚುತ್ತ ಬಂದರೆ ಜುಲೈ 8ಕ್ಕೆ ಹದಿನೆಂಟು. ಸೋಮವಾರದ ಉಪವಾಸ ಹಿಡಿದಿದ್ದೀಯೇನೇ ಅಂದೆ.

“ಕೌನ್ಸಿಲ್ ವ್ರತ, ಚಿಕ್ಕಪ್ಪಾ. ಇನ್ನೆರಡು ವಾರಕ್ಕೆ ಉದ್ಯಾಪನೆ” ಅಂದಳು.

ಅವಳ ಮಗನಿಗೆ ಆಗ ನಾಲ್ಕು ವರ್ಷ ಎಂಟು ತಿಂಗಳು. ಊರಿನ ಬಸ್ಸಿನ ನಂಬರುಗಳೆಲ್ಲ ಬಾಯಿಪಾಠ, ‘ಅಮ್ಮಾ ನೀರು’ ಅನ್ನುವುದು ಮಾತ್ರ ಬಾರದು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಹೋಗಿ ಕೂತುಬಿಡುತ್ತಿದ್ದ; ಆ ಮನೆಯಲ್ಲಿ ಚಟ್ನಿ ಆಗಬೇಕಾದರೆ ಅವನು ನರ್ಸರಿಗೆ ಹೋಗಿರಬೇಕು. ಸೆಪ್ಟೆಂಬರಿಗೆ ದೊಡ್ಡ ಶಾಲೆ. ಮೂವತ್ತು ಮಕ್ಕಳ ತರಗತಿಯಲ್ಲಿ ಅವನ ಜೊತೆ ಒಬ್ಬರು ಇರಬೇಕು, ಮಾತಿನ ತರಬೇತಿ ಆಗಬೇಕು. ಅದಕ್ಕೆ ಒಂದು ಕಾಗದ ಬೇಕು.

ಆ ಕಾಗದದ ಹೆಸರು ಉದ್ದ: ಶಿಕ್ಷಣ, ಆರೋಗ್ಯ ಮತ್ತು ಆರೈಕೆಯ ಯೋಜನೆ. ತಾಯಂದಿರ ಬಾಯಲ್ಲಿ ಇಎಚ್‌ಸಿಪಿ, ಇನ್ನೂ ಚಿಕ್ಕದಾಗಿ ‘ಪ್ಲಾನ್’. 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯಿಂದ ಬಂದದ್ದು. ಮಗುವಿಗೆ ಏನು ಕಷ್ಟ, ಅದಕ್ಕೆ ವಾರಕ್ಕೆ ಎಷ್ಟು ಗಂಟೆ ಯಾರ ನೆರವು, ಯಾವ ಶಾಲೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಬರೆದದ್ದನ್ನು ಒದಗಿಸುವುದು ಕೌನ್ಸಿಲ್ಲಿನ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ, ಕಾನೂನುಬದ್ಧ ಹೊಣೆ; ಇಪ್ಪತ್ತೈದು ವರ್ಷ ತುಂಬುವವರೆಗೂ ಅದು ಮುಂದುವರಿಯಬಹುದು. ಈ ಇಡೀ ವ್ಯವಸ್ಥೆಗೆ ಅಲ್ಲಿನವರು ಇಟ್ಟ ಚುಟುಕು ಹೆಸರು ‘ಸೆಂಡ್’. ಹೆಸರೇನೋ ಸೆಂಡ್, ಬರಬೇಕಾದ ಪತ್ರ ಮಾತ್ರ ಬರುವುದಿಲ್ಲ ಎಂಬ ಜೋಕು ನನಗೆ ಹೊಳೆಯಿತು. ಅಣ್ಣನ ಮಗಳು ನಗಲಿಲ್ಲ.

ಅರ್ಜಿ ಕೊಟ್ಟ ದಿನದಿಂದ ಗಡಿಯಾರ ಓಡತೊಡಗುತ್ತದೆ. ಮಗುವನ್ನು ಪರೀಕ್ಷಿಸಬೇಕೋ ಬೇಡವೋ ಎಂದು ಹೇಳಲು ಕೌನ್ಸಿಲ್ಲಿಗೆ ಆರು ವಾರ. ಪ್ಲಾನ್ ಕೊಡುವುದಿಲ್ಲ ಎನ್ನುವುದಾದರೆ ಹದಿನಾರು ವಾರದೊಳಗೆ ಹೇಳಬೇಕು. ಕೊಡುವುದಾದರೆ ಕರಡು ಕಳಿಸಬೇಕು, ತಂದೆ ತಾಯಿಗೆ ಉತ್ತರಿಸಲು ಹದಿನೈದು ದಿನವಾದರೂ ಇರಬೇಕು, ಕೊನೆಯ ಪ್ರತಿ ಕೈ ಸೇರಲು ಒಟ್ಟು ಇಪ್ಪತ್ತು ವಾರ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ತಿರುವಿದ ನನಗೆ ಇದನ್ನು ಕೇಳಿ ಹೊಟ್ಟೆಕಿಚ್ಚೇ ಆಯಿತು. ಸರ್ಕಾರಿ ಕೆಲಸಕ್ಕೆ ತಾರೀಖು! ನಮ್ಮಲ್ಲಿ ಅಂಗವೈಕಲ್ಯದ ಕಾರ್ಡಿಗೆ ಮಗುವನ್ನು ಎತ್ತಿಕೊಂಡು ಜಿಲ್ಲಾಸ್ಪತ್ರೆಯ ಬೋರ್ಡಿನ ಮುಂದೆ ನಿಂತ ತಾಯಂದಿರನ್ನು ಕಂಡವನು ನಾನು. ಇಲ್ಲಿ ವಾರ ಎಣಿಸಿದರೆ ಸಾಕಲ್ಲ, ಅಂದುಕೊಂಡೆ.

ಊರಿಗೆ ಬಂದ ಮೇಲೆ ನಾನೂ ಎಣಿಸತೊಡಗಿದೆ. ವಾರವನ್ನಲ್ಲ. ಅಲ್ಲಿನ ಸರ್ಕಾರ ವರ್ಷವರ್ಷ ಬಿಡಿಸಿಟ್ಟು ಪ್ರಕಟಿಸುವ ಅಂಕಿಗಳನ್ನು.

2015ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕಾಗದ ಇದ್ದ ಮಕ್ಕಳು ಮತ್ತು ಯುವಕರು 2,40,183. ಹಳೇ ಕಾನೂನಿನ ಕಾಗದದವರೂ ಇದರಲ್ಲಿ ಸೇರಿದ್ದಾರೆ. 2020ರಲ್ಲಿ 3,90,109. 2023ರಲ್ಲಿ 5,17,049. 2025ರ ಜನವರಿಯಲ್ಲಿ 6,38,745. ಹತ್ತು ವರ್ಷದಲ್ಲಿ ಎರಡೂವರೆ ಪಟ್ಟು ದಾಟಿದೆ. 2011ರ ಜನಗಣತಿಯಲ್ಲಿ ಮಂಗಳೂರು ನಗರದಲ್ಲಿ ಐದು ಲಕ್ಷ ಜನರೂ ಇರಲಿಲ್ಲ. ಬಂದರು, ಮೀನುಮಾರುಕಟ್ಟೆ, ಹಂಪನಕಟ್ಟೆ ಎಲ್ಲ ಸೇರಿಸಿ ಒಂದು ಇಡೀ ಮಂಗಳೂರನ್ನು ಆ ಫೈಲುಗಳ ಒಳಗೆ ಕೂರಿಸಿದರೂ ಇನ್ನೂ ಲಕ್ಷಕ್ಕೂ ಮಿಕ್ಕಿ ಜಾಗ ಉಳಿಯುತ್ತದೆ. ಕೊನೆಯ ಒಂದೇ ವರ್ಷದಲ್ಲಿ ಹೆಚ್ಚಾದದ್ದು 62,782. ಅಂದರೆ ಭಾನುವಾರ, ಕ್ರಿಸ್‌ಮಸ್ ಬಿಡದೆ ದಿನಕ್ಕೆ ನೂರ ಎಪ್ಪತ್ತೆರಡು.

ಇನ್ನು ಗಡಿಯಾರದ ಮಾತು. 2021ರಲ್ಲಿ ಇಪ್ಪತ್ತು ವಾರದೊಳಗೆ ಮುಗಿದ ಪ್ಲಾನ್‌ಗಳು ನೂರಕ್ಕೆ ಅರವತ್ತರ ಹತ್ತಿರ. ಮರುವರ್ಷ ಅರ್ಧಕ್ಕಿಂತ ತುಸು ಕೆಳಗೆ ಬಂತು. 2023ರಲ್ಲಿ 50.3, 2024ರಲ್ಲಿ 46.4. ಆ ವರ್ಷ ಹೊಸದಾಗಿ ಹೊರಟ ಪ್ಲಾನ್‌ಗಳು 97,747; ಅಂದರೆ ಸುಮಾರು ಐವತ್ತು ಸಾವಿರ ಮಕ್ಕಳ ಮಟ್ಟಿಗೆ ಕಾನೂನಿನ ತಾರೀಖು ಸುಮ್ಮನೆ ದಾಟಿಹೋಯಿತು. ವಿನಾಯಿತಿಗಳಿವೆ, ನಿಜ. ಆದರೆ ಆ 46.4 ಎಂಬುದೇ ವಿನಾಯಿತಿಯ ಪ್ರಕರಣಗಳನ್ನು ಬದಿಗಿಟ್ಟು ಹಾಕಿದ ಲೆಕ್ಕ.

ಇಷ್ಟು ದೊಡ್ಡ ಅಂಕಿ ಕಂಡಾಗ ನನ್ನಂಥವನಿಗೆ ಒಂದು ಚಟ: ಭಾಗಿಸಿ ನೋಡುವುದು. 2024ರಲ್ಲಿ ಪರೀಕ್ಷಿಸಿ ಎಂದು ಬಂದ ಅರ್ಜಿಗಳು 1,54,489. ಈ ಹೊಣೆ ಹೊತ್ತ ಕೌನ್ಸಿಲ್‌ಗಳು 153. ಕೆಂಟ್‌ನಂಥ ಭಾರೀ ಕೌಂಟಿಯೂ ಅದರಲ್ಲಿ ಒಂದು, ಎರಡು ಸಾವಿರ ಜನರ ಸಿಲ್ಲಿ ದ್ವೀಪಗಳೂ ಒಂದು. ಇರಲಿ, ಸರಾಸರಿ ತೆಗೆಯೋಣ. ಒಂದು ಕೌನ್ಸಿಲ್ಲಿಗೆ ವರ್ಷಕ್ಕೆ ಸಾವಿರದ ಹತ್ತು. ರಜೆ ಕಳೆದರೆ ವರ್ಷಕ್ಕೆ ಇನ್ನೂರೈವತ್ತು ಚಿಲ್ಲರೆ ಕೆಲಸದ ದಿನ. ಭಾಗಿಸಿದರೆ ದಿನಕ್ಕೆ ನಾಲ್ಕು.

ನಾಲ್ಕು! ಕ್ಯಾಲ್ಕುಲೇಟರು ತಪ್ಪು ಒತ್ತಿದೆನೆಂದು ಮತ್ತೆ ಮಾಡಿದೆ. ನಾಲ್ಕೇ. ನಮ್ಮ ಶಾಖೆಯಲ್ಲಿ ಮುಂಗಾರಿಗೆ ಮುಂಚೆ ಬೆಳೆಸಾಲದ ಅರ್ಜಿಗಳು ದಿನಕ್ಕೆ ಇದರ ಹತ್ತು ಪಟ್ಟು ಬರುತ್ತಿದ್ದವು, ಕೌಂಟರಿನಲ್ಲಿ ನಾವು ಮೂವರು. ಬೆಳಗ್ಗೆ ಎರಡು, ಊಟದ ನಂತರ ಎರಡು ಅರ್ಜಿಗೆ ಒಂದು ಕೌನ್ಸಿಲ್ ಉಸಿರು ಕಟ್ಟುತ್ತದೆಂದರೆ ಏನರ್ಥ?

ಅರ್ಥ ಇದೆ. ಬೆಳೆಸಾಲಕ್ಕೆ ಪಹಣಿ ನೋಡಿದರೆ ಆಯಿತು. ಇಲ್ಲಿ ನೋಡಬೇಕಾದದ್ದು ಮಗುವನ್ನು. ಪ್ರತಿ ಮಗುವಿಗೂ ಶಾಲೆಯ ವರದಿ, ವೈದ್ಯರ ವರದಿ, ಸಮಾಜ ಕಲ್ಯಾಣದವರ ವರದಿ, ಎಲ್ಲಕ್ಕಿಂತ ಮುಖ್ಯವಾಗಿ ಶಿಕ್ಷಣ ಮನಶ್ಶಾಸ್ತ್ರಜ್ಞರ ವರದಿ ಬೇಕೇ ಬೇಕೆಂದು ನಿಯಮ. ಕೇಳಿದ ಆರು ವಾರದಲ್ಲಿ ಅವರು ಕೊಡಬೇಕು. ಆದರೆ ಅವರೇ ಇಲ್ಲ. ಆ ಕೆಲಸಕ್ಕೆ ಅಲ್ಲಿ ಮೂರು ವರ್ಷದ ಡಾಕ್ಟರೇಟ್ ಮುಗಿಸಿರಬೇಕು. ಇವತ್ತು ಕೊರತೆ ಕಂಡು ಇವತ್ತೇ ತುಂಬಲಾಗದು. 2023ರಲ್ಲಿ ಶಿಕ್ಷಣ ಇಲಾಖೆ ಪ್ರಕಟಿಸಿದ ಅಧ್ಯಯನದಲ್ಲೇ, ಈ ಕೆಲಸಕ್ಕೆ ಜನ ಸಿಗುವುದು ಕಷ್ಟವಾಗಿದೆ ಎಂದ ಕೌನ್ಸಿಲ್‌ಗಳು ನೂರಕ್ಕೆ ಎಂಬತ್ತೆಂಟು. ಇರುವವರೂ ಇಡೀ ದಿನ ಪ್ಲಾನ್‌ಗೆ ವರದಿ ಬರೆಯುತ್ತ ಕೂತರೆ, ತೊಂದರೆ ಚಿಕ್ಕದಿರುವಾಗಲೇ ಶಾಲೆಗೆ ಹೋಗಿ ಮೇಷ್ಟ್ರಿಗೆ ಒಂದು ಉಪಾಯ ಹೇಳಿಕೊಟ್ಟು ಬರಲು ಯಾರೂ ಉಳಿಯುವುದಿಲ್ಲ. ಆಗ ತೊಂದರೆ ಬೆಳೆಯುತ್ತದೆ, ಇನ್ನೊಂದು ಅರ್ಜಿ ಬೀಳುತ್ತದೆ.

ಅರ್ಜಿಗಳೇ ಯಾಕೆ ಇಷ್ಟು? ಮಕ್ಕಳೆಲ್ಲ ಹೀಗೆ ಹುಟ್ಟುತ್ತಿದ್ದಾರೆಯೇ ಎಂದು ನಮ್ಮ ಕಡೆಯವರು ಪಿಸುಗುಟ್ಟುವುದುಂಟು. 1978ರಲ್ಲಿ ಮೇರಿ ವಾರ್ನಾಕ್ ಎಂಬ ತತ್ವಶಾಸ್ತ್ರಜ್ಞೆಯ ನೇತೃತ್ವದ ಸಮಿತಿ ಒಂದು ವರದಿ ಕೊಟ್ಟಿತ್ತು: ಶಾಲೆಯ ದಿನಗಳಲ್ಲಿ ಒಂದಲ್ಲ ಒಂದು ಹೊತ್ತಿನಲ್ಲಿ ಐದರಲ್ಲಿ ಒಂದು ಮಗುವಿಗೆ ವಿಶೇಷ ನೆರವು ಬೇಕಾಗುತ್ತದೆ ಎಂದು. 2025ರ ಜನವರಿಯ ಶಾಲಾ ಗಣತಿ ನೋಡಿ: ಪ್ಲಾನ್ ಇಲ್ಲದೆ ಶಾಲೆಯೇ ನೆರವು ಕೊಡುತ್ತಿರುವ ಮಕ್ಕಳು ನೂರಕ್ಕೆ 14.2, ಪ್ಲಾನ್ ಇರುವವರು 5.3. ಕೂಡಿಸಿದರೆ 19.5. ನಲವತ್ತೇಳು ವರ್ಷದ ಹಿಂದೆ ಆಕೆ ಹೇಳಿದ ಐದರಲ್ಲಿ ಒಂದು! ಮಕ್ಕಳ ಎಣಿಕೆ ಅವರು ಮೊದಲೇ ಹೇಳಿದಷ್ಟೇ ಇದೆ. ಬದಲಾದದ್ದು ಕಾಗದ ಬೇಕಾದವರ ಪಾಲು. 1981ರ ಕಾನೂನು ಮೊದಲ ಸಲ ಇಂಥ ಕಾಗದ ತಂದಾಗ ನೂರಕ್ಕೆ ಇಬ್ಬರಿಗೆ ಸಾಕು ಎಂಬುದು ಅಂದಾಜಾಗಿತ್ತು. 2005ರ ಹೊತ್ತಿಗೆ ವಾರ್ನಾಕ್ ಅವರೇ ಆ ಕಾಗದದ ಪದ್ಧತಿಯ ಬಗ್ಗೆ ಪಶ್ಚಾತ್ತಾಪದ ಮಾತಾಡಿದರು.

ಕಾಗದವಿಲ್ಲದ ಮಗುವಿಗೆ ಶಾಲೆ ತನ್ನ ಗಂಟಿನಿಂದಲೇ ವರ್ಷಕ್ಕೆ ಆರು ಸಾವಿರ ಪೌಂಡಿನವರೆಗೆ ಖರ್ಚು ಮಾಡಿಕೊಳ್ಳಬೇಕು. ಈ ಆರು ಸಾವಿರ 2013ರಲ್ಲಿ ಗೊತ್ತುಮಾಡಿದ್ದು. ಸಂಬಳ, ಕರೆಂಟು, ಹಾಲಿನ ಬೆಲೆ ಎಲ್ಲ ಏರಿದರೂ ಅದು ಅಲ್ಲೇ ಇದೆ. ಗಂಟು ಕರಗಿದ ಶಾಲೆ ಕೈ ಚೆಲ್ಲುತ್ತದೆ. ‘ಸೆನ್ಕೊ’ ಎಂದು ಕರೆಯುವ, ಇಂಥ ಮಕ್ಕಳ ಹೊಣೆ ಹೊತ್ತ ಟೀಚರು ಬಾಗಿಲ ಬಳಿ ತಾಯಿಯನ್ನು ಪಕ್ಕಕ್ಕೆ ಕರೆದು, ಪ್ಲಾನ್‌ಗೆ ಅರ್ಜಿ ಹಾಕಿಬಿಡಿ, ಅದಿದ್ದರೆ ನಮಗೂ ಏನಾದರೂ ಮಾಡಲು ಸಾಧ್ಯ ಅನ್ನುತ್ತಾರೆ. ನಮ್ಮ ಹುಡುಗನ ನರ್ಸರಿಯ ಟೀಚರು ಅಂದದ್ದೂ ಅದನ್ನೇ.

ಕೌನ್ಸಿಲ್ ‘ಆಗದು’ ಅಂದರೆ ಟ್ರಿಬ್ಯುನಲ್ ಇದೆ. 2014–15ರಲ್ಲಿ ಅಲ್ಲಿಗೆ ಹೋದ ಮೇಲ್ಮನವಿಗಳು 3,147. 2023–24ರಲ್ಲಿ 21 ಸಾವಿರ, ಮರುವರ್ಷ 25 ಸಾವಿರ. ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಈ ಸಂಖ್ಯೆಯಲ್ಲ, ಅದರ ಬಾಲ. ತೀರ್ಪಿನವರೆಗೆ ಹೋದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತರ ಹತ್ತಿರ ತೀರ್ಪಾದದ್ದು ತಂದೆ ತಾಯಿಯ ಕಡೆಗೆ. ಕ್ರಿಕೆಟ್ಟಿನಲ್ಲಿ ಅಂಪೈರ್ ಒಬ್ಬರು ನೂರು ಸಲ ಬೆರಳೆತ್ತಿ, ನೂರೂ ರಿವ್ಯೂಗೆ ಹೋಗಿ, ತೊಂಬತ್ತೊಂಬತ್ತು ಸಲ ದೊಡ್ಡ ಪರದೆಯ ಮೇಲೆ ನಾಟೌಟ್ ಬಂದರೆ ಮಾರನೇ ಮ್ಯಾಚಿಗೆ ಅವರನ್ನು ಯಾರು ಕರೆಯುತ್ತಾರೆ? ಲೆಕ್ಕ ಬರೆದವನಾಗಿ ಒಂದು ಮಾತು ಹೇಳಿಬಿಡಬೇಕು: ಕೇಳಿದ್ದರಲ್ಲಿ ಒಂದಂಶ ಸಿಕ್ಕಿದರೂ ಅಲ್ಲಿ ಗೆಲುವೆಂದೇ ಎಣಿಕೆ, ಎಷ್ಟೋ ಪ್ರಕರಣಗಳು ತೀರ್ಪಿಗೆ ಮುಂಚೆಯೇ ರಾಜಿಯಾಗುತ್ತವೆ. ಹಾಗಿದ್ದೂ ನೂರರಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳುವ ಪಕ್ಷ ಇನ್ನೂ ಆಡುತ್ತಲೇ ಇದೆಯೆಂದರೆ, ಆಟದಲ್ಲಿ ಸೋತರೂ ಏನೋ ಲಾಭ ಇರಬೇಕು. ಲಾಭ ಇದೆ, ಅದರ ಹೆಸರು ಕಾಲ. ಎಲ್ಲ ತಂದೆ ತಾಯಿ ಮೇಲ್ಮನವಿಗೆ ಹೋಗುವುದಿಲ್ಲ. ಹೋದವರೂ ತಿಂಗಳುಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಆ ತಿಂಗಳುಗಳ ಖರ್ಚು ಯಾರ ಖಾತೆಗೂ ಬೀಳುವುದಿಲ್ಲ. ಯಾರೋ ಕೂತು ಹೀಗೆ ಹೊಂಚು ಹಾಕಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಬ್ಯಾಂಕಿನಲ್ಲಿ ಕಂಡಿದ್ದೇನೆ: ಯಾರೂ ಹೊಂಚು ಹಾಕದೆಯೂ ಫೈಲು ತನಗೆ ಅನುಕೂಲವಾದ ಮೂಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ.

ತಡವಾಯಿತು ಎಂಬುದೇ ದೂರಾದರೆ ಹೋಗಬೇಕಾದ ಬಾಗಿಲು ಬೇರೆ. ಮೊದಲು ಕೌನ್ಸಿಲ್ಲಿಗೇ ದೂರು. ಅಲ್ಲಿ ಸಮಾಧಾನವಾಗದಿದ್ದರೆ ಸ್ಥಳೀಯ ಸರ್ಕಾರಗಳ ಒಂಬುಡ್ಸ್‌ಮನ್. 1974ರ ಕಾನೂನಿನಿಂದ ಹುಟ್ಟಿದ ಈ ಕಚೇರಿ ತನ್ನ ತೀರ್ಮಾನಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ಚಳಿಗಾಲದಲ್ಲಿ ನಿದ್ದೆ ಬಾರದ ಒಂದು ವಾರ ನಾನು ಅವನ್ನು ಓದಿದೆ. ಕೌನ್ಸಿಲ್ಲಿನ ಹೆಸರು ರಾಜಾರೋಷವಾಗಿ ಇರುತ್ತದೆ, ಮನುಷ್ಯರ ಹೆಸರು ಇರುವುದಿಲ್ಲ. ತಾಯಿ ‘ಶ್ರೀಮತಿ ಎಕ್ಸ್’. ಮಗು ‘ವೈ’. ಇನ್ನೊಂದು ತೆರೆದರೆ ಬೇರೆ ಊರು, ಅದೇ ಶ್ರೀಮತಿ ಎಕ್ಸ್, ಅದೇ ವೈ. ಇಪ್ಪತ್ತು, ಮೂವತ್ತು ಓದುವಷ್ಟರಲ್ಲಿ ಭ್ರಮೆ ಶುರುವಾಯಿತು: ಇಂಗ್ಲೆಂಡಿನಲ್ಲಿ ಒಬ್ಬಳೇ ಒಬ್ಬ ತಾಯಿ ಇದ್ದಾಳೆ, ಅವಳು ತನ್ನ ವೈ ಎಂಬ ಒಂದೇ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದು ಕೌನ್ಸಿಲ್ಲಿನಿಂದ ಇನ್ನೊಂದಕ್ಕೆ ಅಲೆಯುತ್ತಿದ್ದಾಳೆ, ಹೋದಲ್ಲೆಲ್ಲ ಮನಶ್ಶಾಸ್ತ್ರಜ್ಞರು ರಜೆಯಲ್ಲಿದ್ದಾರೆ. ತೀರ್ಮಾನದ ಧಾಟಿಯೂ ಒಂದೇ. ಕೌನ್ಸಿಲ್ಲಿನದು ತಪ್ಪು. ಅದರಿಂದ ಅನ್ಯಾಯವಾಗಿದೆ. ಕ್ಷಮೆ ಕೇಳಲು ಒಪ್ಪಿದೆ. ಇಷ್ಟು ಹಣ ಕೊಡಲು ಒಪ್ಪಿದೆ.

ಈ ಪ್ಲಾನ್‌ಗಳ ಮೊದಲ ನೂರು ದೂರುಗಳನ್ನು ತನಿಖೆ ಮಾಡಿ 2017ರಲ್ಲಿ ಆ ಕಚೇರಿ ವರದಿ ಕೊಟ್ಟಾಗ ಹತ್ತರಲ್ಲಿ ಎಂಟರ ಹತ್ತಿರ ತಪ್ಪು ಕೌನ್ಸಿಲ್ಲಿನದೇ ಆಗಿತ್ತು. 2019ರಲ್ಲಿ ಅದು ನೂರಕ್ಕೆ ಎಂಬತ್ತೇಳು. ಈಚೆಗೆ ತೊಂಬತ್ತು ದಾಟಿದೆ.

ಆ ಹಣ ಎಷ್ಟು? ಪ್ಲಾನ್ ತಡವಾದ ಪ್ರತಿ ತಿಂಗಳ ಹತಾಶೆಗೆ ಸಾಮಾನ್ಯವಾಗಿ ನೂರು ಪೌಂಡು, ನಮ್ಮ ಹತ್ತು ಸಾವಿರ ರೂಪಾಯಿಗೂ ಮೇಲೆ. ದಿನಕ್ಕೆ ಮೂರು ಪೌಂಡು ಚಿಲ್ಲರೆ. ಅಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಕಾಫಿ. ಶಿಕ್ಷಣವೇ ಕೈತಪ್ಪಿದ್ದರೆ ಒಂದು ಟರ್ಮಿಗೆ 900ರಿಂದ 2,400 ಪೌಂಡಿನವರೆಗೆ. ಖಾಸಗಿ ವಿಶೇಷ ಶಾಲೆಯಲ್ಲಿ ಒಂದು ಮಗುವಿನ ಒಂದು ವರ್ಷಕ್ಕೆ ಕೌನ್ಸಿಲ್‌ಗಳು ಕೊಡುತ್ತಿರುವುದು ಸರಾಸರಿ 61,500 ಪೌಂಡು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ 2024ರ ಅಕ್ಟೋಬರಿನಲ್ಲಿ ಹೇಳಿತು. ಸರ್ಕಾರಿ ವಿಶೇಷ ಶಾಲೆಯಲ್ಲಾದರೆ 23,900. ತಪ್ಪಿಗೆ ತೆರುವ ದಂಡ ಸೇವೆಯ ಬೆಲೆಗಿಂತ ಎಷ್ಟು ಅಗ್ಗ ಎಂಬುದನ್ನು ಓದುಗರೇ ಭಾಗಿಸಿಕೊಳ್ಳಲಿ.

ಹಣವೇ ಇಲ್ಲ ಅಂತಲ್ಲ. 2024–25ಕ್ಕೆ ಸರ್ಕಾರ ಈ ಬಾಬಿಗೆ ಇಟ್ಟದ್ದು 1,070 ಕೋಟಿ ಪೌಂಡು. ರೂಪಾಯಿಗೆ ತಿರುಗಿಸಿದರೆ ಲಕ್ಷ ಕೋಟಿಗೂ ಮೇಲೆ. ಅದೇ ವರ್ಷದ ಕರ್ನಾಟಕದ ಇಡೀ ಬಜೆಟ್ಟು 3.71 ಲಕ್ಷ ಕೋಟಿ, ಅದರ ಮೂರನೇ ಒಂದು ಪಾಲಿಗೆ ಸಮೀಪ. ಹತ್ತು ವರ್ಷದಲ್ಲಿ, ಬೆಲೆಯೇರಿಕೆ ಕಳೆದೂ, ನೂರಕ್ಕೆ ಐವತ್ತೆಂಟು ಹೆಚ್ಚಿಸಿದ್ದಾರೆ. ಹಾಗಿದ್ದೂ ಕೌನ್ಸಿಲ್‌ಗಳ ಕೊರತೆ ಬೆಳೆದು 2026ರ ಮಾರ್ಚಿಗೆ 430ರಿಂದ 490 ಕೋಟಿ ಪೌಂಡು ಮುಟ್ಟೀತೆಂದು ಲೆಕ್ಕ ಪರಿಶೋಧನಾ ಕಚೇರಿ 2024ರಲ್ಲಿ ಅಂದಾಜು ಮಾಡಿತ್ತು. ಕೊರತೆಯನ್ನು ನಿಜವಾಗಿ ಪುಸ್ತಕಕ್ಕೆ ಹಾಕಿದರೆ ನೂರಕ್ಕೆ ನಲವತ್ಮೂರು ಕೌನ್ಸಿಲ್‌ಗಳು ದಿವಾಳಿಯ ಅಂಚಿಗೆ ಬರುತ್ತವೆ ಎಂದೂ ಅದು ಹೇಳಿತ್ತು. ಅದಕ್ಕೇ ಸರ್ಕಾರ ಒಂದು ಆದೇಶ ಮಾಡಿಕೊಂಡಿದೆ: ಈ ಕೊರತೆಯನ್ನು ಮುಖ್ಯ ಲೆಕ್ಕದಲ್ಲಿ ತೋರಿಸಬೇಕಿಲ್ಲ. 2026ರ ಮಾರ್ಚಿಗೆ ಮುಗಿಯಬೇಕಿದ್ದ ಆದೇಶವನ್ನು 2028ರ ಮಾರ್ಚಿಗೆ ಮುಂದೂಡಿದ್ದಾರೆ. ನಮ್ಮ ಶಾಖೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಸಸ್ಪೆಂಡ್ ಆಗುತ್ತಿದ್ದರು. ತಾಯಿಗೆ ಎರಡು ತಿಂಗಳೊಳಗೆ ಮೇಲ್ಮನವಿ ಹಾಕು, ಹನ್ನೆರಡು ತಿಂಗಳೊಳಗೆ ದೂರು ಕೊಡು ಎಂದು ಗಡುವು ಹಾಕುವ ವ್ಯವಸ್ಥೆ ತನ್ನ ಗಡುವನ್ನು ಮಾತ್ರ ಎರಡು ವರ್ಷ ಜರುಗಿಸಿಕೊಳ್ಳಬಲ್ಲದು.

ಇನ್ನು ನಮ್ಮ ಹುಡುಗನ ಗಡುವು. ಜುಲೈ 22ಕ್ಕೆ ಇಪ್ಪತ್ತು ವಾರ ತುಂಬಿತು, ಕ್ಯಾಲೆಂಡರಿನಲ್ಲಿ ಆ ಸುತ್ತು ದಪ್ಪಗಿತ್ತು. ಅವತ್ತು ಅವಳು ಫೋನು ಮಾಡಿದಾಗ ಸಂಗೀತ ಬಂತು, ನಂತರ ಫೈಲು ನೋಡುತ್ತಿದ್ದವರು ಕೆಲಸ ಬಿಟ್ಟಿದ್ದಾರೆ ಎಂದು ಗೊತ್ತಾಯಿತು. ಸೆಪ್ಟೆಂಬರಿನಲ್ಲಿ ಶಾಲೆ ಸೇರಿದ. ಜೊತೆಗೆ ಯಾರೂ ಇಲ್ಲದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಅವಳು ಕೆಲಸ ಬಿಟ್ಟಳು. ಅಲ್ಲಿ ಶಾಲೆಯ ವರ್ಷವೆಂದರೆ 190 ದಿನ; ಅರ್ಧ ದಿನದ ಶಾಲೆ ಅರ್ಧ ವರ್ಷ ನಡೆದರೆ ಎಷ್ಟು ಕಳೆಯಿತೆಂದು ಲೆಕ್ಕ ಹಾಕಬೇಡಿ ಚಿಕ್ಕಪ್ಪಾ ಅಂದಳು. ಕರಡು ಬಂದದ್ದು ಡಿಸೆಂಬರ್ 9ಕ್ಕೆ, ನಲವತ್ತನೇ ವಾರ. ಕೊನೆಯ ಪ್ರತಿ 2025ರ ಜನವರಿ 20ಕ್ಕೆ, ನಲವತ್ತಾರನೇ ವಾರ. ಜೊತೆಗೊಂದು ಕ್ಷಮಾಪಣೆ ಪತ್ರ, ಆರು ತಿಂಗಳ ತಡಕ್ಕೆ ಆರು ನೂರು ಪೌಂಡು.

ಬೇಡವೆಂದರೂ ನಾನು ಲೆಕ್ಕ ಹಾಕಿದೆ, ಅವಳಿಗೆ ಹೇಳಲಿಲ್ಲ. ಆ ದಿನಕ್ಕೆ ಹುಡುಗ ಹುಟ್ಟಿ ಸುಮಾರು 270 ವಾರ. ಅದರಲ್ಲಿ ನಲವತ್ತಾರು ಈ ಕಾಗದಕ್ಕೆ ಕಾದದ್ದು. ಅವನ ಆಯುಸ್ಸಿನ ಆರನೇ ಒಂದು ಪಾಲು. ನನಗೆ ಅರವತ್ತು ತುಂಬಿದೆ. ಇದೇ ಪ್ರಮಾಣದಲ್ಲಿ ನನ್ನನ್ನು ಕಾಯಿಸುವುದಾದರೆ, ಐವತ್ತನೇ ವಯಸ್ಸಿನಲ್ಲಿ ಕೊಟ್ಟ ಅರ್ಜಿಗೆ ನಿವೃತ್ತಿಯ ದಿನ ಉತ್ತರ ಬರಬೇಕು. ಹತ್ತು ವರ್ಷ ಒಂದು ಕಚೇರಿಯ ಹೋಲ್ಡ್ ಸಂಗೀತ ಕೇಳುತ್ತ ಕೂರುವುದು! ದೊಡ್ಡವರ ವಾರವೂ ಮಗುವಿನ ವಾರವೂ ಕ್ಯಾಲೆಂಡರಿನಲ್ಲಿ ಒಂದೇ ಅಳತೆಯ ಚೌಕ ಅಷ್ಟೇ.

ಕರಡಿನ ಸಂಗತಿ ಹೇಳುವುದು ಮರೆತೆ. ನಲವತ್ತು ವಾರ ಕಾದು ಬಂದ ಅದರ ಮೊದಲ ಪುಟದಲ್ಲಿ, ಮನೆಯಲ್ಲಿ ಆಡುವ ಭಾಷೆ ಎಂಬಲ್ಲಿ ‘ಕೆನಡಾ’ ಎಂದಿತ್ತು. ಆರನೇ ಪುಟದಲ್ಲಿ ಹುಡುಗ ಎರಡು ಸಲ ಹುಡುಗಿಯಾಗಿದ್ದ. ಬೇರೆ ಯಾವುದೋ ಮಗುವಿನ ಪುಟದಿಂದ ಎತ್ತಿ ಅಂಟಿಸಿದ್ದಿರಬೇಕು. ಅವಳು ಹದಿನೈದು ದಿನದೊಳಗೆ ಕೆಂಪು ಇಂಕಿನಲ್ಲಿ ತಿದ್ದಿ ಕಳಿಸಿದಳು. ಕೊನೆಯ ಪ್ರತಿಯಲ್ಲಿ ಹುಡುಗ ಹುಡುಗನೇ ಆಗಿದ್ದಾನೆ, ಭಾಷೆ ಕನ್ನಡವಾಗಿದೆ, ವಾರಕ್ಕೆ ಇಪ್ಪತ್ತೈದು ಗಂಟೆ ಒಬ್ಬರು ಜೊತೆಗಿರುತ್ತಾರೆಂದು ಬರೆದಿದೆ. ಈಗ ಪೂರ್ತಿ ದಿನ ಶಾಲೆಗೆ ಹೋಗುತ್ತಾನೆ. ಒಮ್ಮೆ ವಿಡಿಯೊ ಕಾಲಿನಲ್ಲಿ ನನ್ನನ್ನು ನೋಡಿ ನೀರು ಅಂದ. ನೀರು ಬೇಕಾಗಿರಲಿಲ್ಲ, ಹೇಳಿ ತೋರಿಸಿದ್ದು.

ಅವಳ ಹಿಂದೆ ಗೋಡೆಯ ಮೇಲೆ 2025ರ ಕ್ಯಾಲೆಂಡರು ಕಾಣುತ್ತಿತ್ತು. ಜನವರಿ 20ಕ್ಕೆ ಮತ್ತೆ ಕೆಂಪು ಸುತ್ತು, ಪಕ್ಕದಲ್ಲಿ ಸೊನ್ನೆ. ಇದೇನೇ ಮತ್ತೆ ಅಂದೆ. ಪ್ಲಾನ್ ಅನ್ನು ಹನ್ನೆರಡು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಕಾನೂನಿದೆಯಂತೆ.

“ಐವತ್ತೆರಡನೇ ವಾರ ಇದರಲ್ಲಿ ಹಿಡಿಸಲ್ಲ ಚಿಕ್ಕಪ್ಪಾ. ಮುಂದಿನ ವರ್ಷದ್ದು ಸ್ವಲ್ಪ ಬೇಗ ಕಳಿಸಿ.”